ಹೆಪ್ಪು ಹಾಕಿ ಕಾಯುವವರು

ಭಾನುವಾರ ರಾತ್ರಿ ಒಂಬತ್ತೂಕಾಲು. ಮಾರ್ಗನ್ ಹಿಲ್‌ನ ನಮ್ಮ ಅಡುಗೆಮನೆಯಲ್ಲಿ ಉಗುರುಬೆಚ್ಚಗಿನ ಹಾಲಿಗೆ ಹೆಪ್ಪು ಹಾಕುತ್ತಿದ್ದಾಗ ಫೋನ್ ಬಂತು. ಗುರುತಿಲ್ಲದ ನಂಬರು. ಆ ಕಡೆಯ ದನಿಗೆ ಅವಸರವಿರಲಿಲ್ಲ, ಆದರೆ ಸುತ್ತಿಬಳಸಿ ಮಾತಾಡಲೂ ಇಲ್ಲ. "ನಿನ್ನೆ ಎಮರ್ಜೆನ್ಸಿಯಲ್ಲಿ ನಿಮ್ಮ ಮಗನಿಂದ ತೆಗೆದ ರಕ್ತದಲ್ಲಿ ಬ್ಯಾಕ್ಟೀರಿಯಾ ಬೆಳೆದಿದೆ. ಗ್ರಾಂ ನೆಗೆಟಿವ್, ಕಡ್ಡಿಯ ಆಕಾರದವು. ಈಗಲೇ ಕರೆದುಕೊಂಡು ಬನ್ನಿ."

ನಾನು ಡಾಕ್ಟರೇಟ್ ಮಾಡಿದ್ದೇ ಬ್ಯಾಕ್ಟೀರಿಯಾ ಮೇಲೆ. ಆ ವಾಕ್ಯದ ಒಂದೊಂದು ಪದದ ಅರ್ಥವೂ ನನಗೆ ಗೊತ್ತು. ಆದರೂ ಚಮಚ ಕೈಯಿಂದ ಜಾರಿ ಬಿತ್ತು. ಪೆಟ್ರಿ ತಟ್ಟೆಯಲ್ಲಿ ದಿನಾ ನೋಡುವ ಜೀವಿ ನಮ್ಮದೇ ಆರು ವರ್ಷದ ಮಗುವಿನ ರಕ್ತದಲ್ಲಿದೆ ಎಂದಾಗ ಓದಿದ ಓದೆಲ್ಲ ಮರೆತುಹೋಗುತ್ತದೆ.

ಹಾಸನದ ಅಮ್ಮನ ಮನೆಯಲ್ಲಿ ಐದು ವಾರ ಕಳೆದು ಜುಲೈ ನಡುವೆ ವಾಪಸಾಗಿದ್ದೆವು. ಬಂದ ಒಂಬತ್ತನೇ ದಿನ, ಸೋಮವಾರ, ಮಗನಿಗೆ ಜ್ವರ ಶುರುವಾಯಿತು. ಬುಧವಾರ ಕ್ಲಿನಿಕ್ಕಿನಲ್ಲಿ "ವೈರಲ್ ಇರಬಹುದು, ಇಳಿಯದಿದ್ದರೆ ಮತ್ತೆ ಬನ್ನಿ" ಎಂದರು. ಡಾಕ್ಟರು ಹೇಗನ್ನಿಸುತ್ತಿದೆ ಎಂದು ಕೇಳಿದಾಗ ಅವನು ಇಂಗ್ಲಿಷಿನಲ್ಲಿ ಹೇಳಿದ್ದು ಚಳಿಯಾಗುತ್ತೆ ಎಂಬ ಒಂದೇ ಮಾತು. ಶುಕ್ರವಾರ ರಾತ್ರಿ ವಿಡಿಯೊ ಕಾಲ್‌ನಲ್ಲಿ ಅಜ್ಜಿಗೆ ಅವನೇ ಕನ್ನಡದಲ್ಲಿ ಹೇಳಿದ್ದು ಬೇರೆ: "ಅಜ್ಜೀ, ಹಲ್ಲು ಕಟಕಟ ಅಂತಿತ್ತು. ಮಂಚಾನೇ ಗಡಗಡ ಅಂತ ನಡುಗ್ತಿತ್ತು."

ಅಮ್ಮ ಅಲ್ಲೇ ತಡೆದಳು. "ಇದು ಬರೀ ಚಳಿಯಲ್ಲ ಕಣೇ. ರಕ್ತ ಪರೀಕ್ಷೆ ಮಾಡಿಸು, ನಾಳೆಗೆ ಅಂತ ಇಟ್ಕೋಬೇಡ."

ಶನಿವಾರ ಬೆಳಿಗ್ಗೆ ಎಮರ್ಜೆನ್ಸಿಯಲ್ಲಿ ಈ ಮಾತನ್ನೇ ಇಂಗ್ಲಿಷಿಗೆ ತಂದು ಹೇಳಿದೆವು. ಬರೀ ಚಳಿ ಬೇರೆ, ಮೈ ಅದುರಿಸುವ ನಡುಕ ಬೇರೆ. ಎರಡನೆಯದು ರಕ್ತಕ್ಕೇ ಬ್ಯಾಕ್ಟೀರಿಯಾ ಇಳಿದಿರುವ ಸೂಚನೆಯಾಗಿರಬಹುದು ಎಂದು ವೈದ್ಯರು ಗಂಭೀರವಾಗಿ ತೆಗೆದುಕೊಳ್ಳುತ್ತಾರೆ. ಮಲೇರಿಯಾ ಪರೀಕ್ಷೆಯಾಯಿತು, ಇಲ್ಲ ಎಂದು ಬಂತು. ಬ್ಲಡ್ ಕಲ್ಚರ್‌ಗೆಂದು ಒಂದು ಪುಟ್ಟ ಬಾಟಲಿಗೆ ರಕ್ತ ತೆಗೆದುಕೊಂಡು ಮನೆಗೆ ಕಳಿಸಿದರು. ಭಾನುವಾರ ರಾತ್ರಿ ಫೋನ್ ಬರುವಂತೆ ಮಾಡಿದ್ದು ಆ ಬಾಟಲಿಯೇ.

ಬಾಟಲಿಯ ಹಿಂದೆ ಇರುವವರು

ಆಸ್ಪತ್ರೆಯಲ್ಲಿ ನಮ್ಮ ಕಣ್ಣಿಗೆ ಬೀಳುವುದು ನರ್ಸ್, ಮಕ್ಕಳ ಡಾಕ್ಟರು, ರಿಸೆಪ್ಶನ್. ಕಣ್ಣಿಗೆ ಬೀಳದ ಇನ್ನೊಂದು ಗುಂಪು ಮೈಕ್ರೊಬಯಾಲಜಿ ಲ್ಯಾಬಿನದು. ಅವರ ಕೆಲಸವನ್ನು ಮನೆಮಾತಿನಲ್ಲಿ ಹೇಳಬೇಕೆಂದರೆ, ಅವರೂ ಹೆಪ್ಪು ಹಾಕುತ್ತಾರೆ. ಬೆಚ್ಚಗಿನ ಹಾಲು, ಒಂದು ಚಮಚ ಹಳೆಯ ಮೊಸರು, ಒಂದು ರಾತ್ರಿಯ ಕಾಯುವಿಕೆ. ನಾವು ಮೊಸರಾಗಲಿ ಎಂದು ಕಾಯುತ್ತೇವೆ. ಅವರು ರಕ್ತವನ್ನು ಪೋಷಕ ದ್ರಾವಣಕ್ಕೆ ಬೆರೆಸಿ, ಮೈ ಬಿಸಿಯಷ್ಟೇ ಶಾಖದಲ್ಲಿಟ್ಟು, ಏನೂ ಆಗದಿರಲಿ ಎಂದು ಕಾಯುತ್ತಾರೆ. ಸಾಮಾನ್ಯವಾಗಿ 5 ದಿನ. ಬ್ಯಾಕ್ಟೀರಿಯಾ ಬೆಳೆದರೆ ಉಸಿರಾಡಿ ಇಂಗಾಲದ ಡೈಆಕ್ಸೈಡ್ ಬಿಡುತ್ತವೆ. ಅದನ್ನು ಬಾಟಲಿಯ ತಳದ ಸೆನ್ಸರ್ ಗುರುತಿಸಿ ಯಂತ್ರವನ್ನು ಎಚ್ಚರಿಸುತ್ತದೆ.

ಆಗ ಒಬ್ಬರು ಎದ್ದು ಹೋಗಿ ಬಾಟಲಿಯಿಂದ ಒಂದು ಹನಿ ತೆಗೆದು ಗಾಜಿನ ಮೇಲೆ ಹರಡಿ ಬಣ್ಣ ಹಾಕುತ್ತಾರೆ. ಡೆನ್ಮಾರ್ಕಿನ ಹಾನ್ಸ್ ಕ್ರಿಶ್ಚಿಯನ್ ಗ್ರಾಂ 1884ರಲ್ಲಿ ಪ್ರಕಟಿಸಿದ ವಿಧಾನ ಅದು. ನೇರಳೆಯಾಗಿ ಉಳಿದರೆ ಗ್ರಾಂ ಪಾಸಿಟಿವ್, ಗುಲಾಬಿಯಾದರೆ ಗ್ರಾಂ ನೆಗೆಟಿವ್. ಇಂದಿಗೂ ರಾತ್ರೋರಾತ್ರಿ ಬರುವ ಮೊದಲ ಸುದ್ದಿ ಇದೇ ಬಣ್ಣದ್ದು. ಹೆಸರು ಗೊತ್ತಾಗುವ ಮೊದಲೇ ಯಾವ ಔಷಧದಿಂದ ಶುರುಮಾಡಬೇಕು ಎಂಬ ಅಂದಾಜು ಇದರಿಂದ ಸಿಗುತ್ತದೆ.

ನಂತರ ಅಗಾರ್ ತಟ್ಟೆ. ಇದರ ಕಥೆ ನಿಮ್ಮ ಮಕ್ಕಳಿಗೆ ಇಷ್ಟವಾಗುತ್ತದೆ. ಜರ್ಮನಿಯಲ್ಲಿ ರಾಬರ್ಟ್ ಕೋಖ್ ಅವರ ಲ್ಯಾಬಿನಲ್ಲಿ ಬ್ಯಾಕ್ಟೀರಿಯಾ ಬೆಳೆಸಲು ಜೆಲಟಿನ್ ಬಳಸುತ್ತಿದ್ದರು. ಬಿಸಿಗೆ ಅದು ಕರಗಿ ನೀರಾಗುತ್ತಿತ್ತು. ಅಲ್ಲಿದ್ದ ವಾಲ್ಟರ್ ಹೆಸ್ಸೆಯವರ ಪತ್ನಿ ಫ್ಯಾನಿ ಹೆಸ್ಸೆ 1880ರ ದಶಕದ ಆರಂಭದಲ್ಲಿ, ತಾನು ಅಡುಗೆಮನೆಯಲ್ಲಿ ಜೆಲ್ಲಿಗೆ ಹಾಕುವ ಅಗಾರ್ ಬಳಸಿ ನೋಡಿ ಎಂದರು. ಜಾವಾದಲ್ಲಿದ್ದು ಬಂದ ನೆರೆಯವರಿಂದ ಆಕೆ ಕಲಿತಿದ್ದ ಪಾಕ ಅದು. ಅಗಾರ್ ಎಂದರೆ ಬೇರೇನಲ್ಲ, ನಮ್ಮ ಅಮ್ಮಂದಿರು ಪುಡ್ಡಿಂಗ್‌ಗೆ ಹಾಕುವ ಚೈನಾ ಗ್ರಾಸ್. ಜಗತ್ತಿನ ಎಲ್ಲ ಆಸ್ಪತ್ರೆಗಳ ಲ್ಯಾಬೂ ಇವತ್ತಿಗೂ ಅದರ ಮೇಲೇ ನಿಂತಿದೆ.

ತಟ್ಟೆಯ ಮೇಲೆ ಬೆಳೆದ ಚುಕ್ಕಿಯನ್ನು ಈಗ ಮಾಲ್ಡಿ ಟಾಫ್ ಎಂಬ ಯಂತ್ರಕ್ಕೆ ಕೊಟ್ಟರೆ ನಿಮಿಷಗಳಲ್ಲಿ ಹೆಸರು ಹೇಳುತ್ತದೆ. ಯಾವ ಆಂಟಿಬಯೋಟಿಕ್ ಕೆಲಸ ಮಾಡುತ್ತದೆ ಎಂದು ತಿಳಿಯಲು ಮಾತ್ರ ಇನ್ನೊಂದು ದಿನ ಬೇಕು. ಔಷಧದ ಎದುರು ಬೆಳೆಯಬಿಟ್ಟು ನೋಡುವುದಕ್ಕೆ ಅಡ್ಡದಾರಿಯಿಲ್ಲ.

ಈ ಫಲಿತಾಂಶವನ್ನು ಓದಿ ಸಲಹೆ ಕೊಡುವವರು ಯಾರು ಎಂಬುದು ದೇಶದಿಂದ ದೇಶಕ್ಕೆ ಬೇರೆ. ಬ್ರಿಟನ್ನಿನಲ್ಲಿ ಕನ್ಸಲ್ಟೆಂಟ್ ಮೈಕ್ರೊಬಯಾಲಜಿಸ್ಟ್ ಸ್ವತಃ ವೈದ್ಯರು. ಲ್ಯಾಬನ್ನೂ ನೋಡಿಕೊಂಡು, ವಾರ್ಡಿನ ವೈದ್ಯರಿಗೆ ಫೋನಿನಲ್ಲಿ ಚಿಕಿತ್ಸೆಯನ್ನೂ ಸೂಚಿಸುತ್ತಾರೆ. ನಮ್ಮೂರಲ್ಲಿ ಎಂ.ಡಿ. ಮೈಕ್ರೊಬಯಾಲಜಿ ಮಾಡಿದವರು ಹೆಚ್ಚಾಗಿ ಲ್ಯಾಬಿನಲ್ಲಿರುತ್ತಾರೆ. ಅಮೆರಿಕದಲ್ಲಿ ಕೆಲಸ ಇಬ್ಭಾಗ: ಲ್ಯಾಬಿನ ಮುಖ್ಯಸ್ಥರು ಪಿಎಚ್.ಡಿ. ಮಾಡಿ ವಿಶೇಷ ತರಬೇತಿ ಪಡೆದವರೂ ಆಗಿರಬಹುದು, ಹಾಸಿಗೆಯ ಬಳಿ ಬರುವವರು ಇನ್ಫೆಕ್ಷಿಯಸ್ ಡಿಸೀಸ್ ವೈದ್ಯರು. ಜೊತೆಗೆ ಆಂಟಿಬಯೋಟಿಕ್ ಬಳಕೆಯ ಮೇಲೆ ಕಣ್ಣಿಡುವ ತಂಡವೂ ಇರುತ್ತದೆ. ಕ್ಯಾಲಿಫೋರ್ನಿಯಾದಲ್ಲಿ 2014ರ ಕಾನೂನೊಂದು ಆಸ್ಪತ್ರೆಗಳಿಗೆ ಇದನ್ನು ಕಡ್ಡಾಯ ಮಾಡಿದೆ.

ಸೋಮವಾರ ನಮಗೆ ಹೆಸರು ಸಿಕ್ಕಿತು. ಸಾಲ್ಮೊನೆಲ್ಲಾ ಟೈಫಿ. ಟೈಫಾಯ್ಡ್. ನಮ್ಮಜ್ಜಿಯ ಕಾಲದವರು ವಿಷಮಶೀತ ಜ್ವರ ಎನ್ನುತ್ತಿದ್ದದ್ದು.

ನನ್ನ ತಪ್ಪು

ಈಗ ಬರೆಯಲು ನಾಚಿಕೆಯಾಗುವ ಭಾಗ. ಇನ್ಫೆಕ್ಷಿಯಸ್ ಡಿಸೀಸ್ ವೈದ್ಯೆ ಬಂದು ಕುರ್ಚಿ ಎಳೆದು ಕೂತು ಕೇಳಿದ ಮೊದಲ ಪ್ರಶ್ನೆ: "ಆಸ್ಪತ್ರೆಗೆ ಬರುವ ಮುಂಚೆ ಏನಾದರೂ ಔಷಧ ಕೊಟ್ಟಿದ್ದಿರಾ?" ಶನಿವಾರ ಇದೇ ಪ್ರಶ್ನೆಗೆ ನಾನು "ಟೈಲೆನಾಲ್ ಮಾತ್ರ" ಎಂದಿದ್ದೆ. ಈ ಬಾರಿ ನನ್ನ ಗಂಡ ನನ್ನ ಮುಖ ನೋಡಿದರು.

ಗುರುವಾರ ಮತ್ತು ಶುಕ್ರವಾರ ನಾನು ಅವನಿಗೆ ಅರ್ಧರ್ಧ ಅಜಿಥ್ರೊಮೈಸಿನ್ ಮಾತ್ರೆ ಕೊಟ್ಟಿದ್ದೆ. ಹಾಸನದಲ್ಲಿ ನನಗೆ ಗಂಟಲು ನೋವು ಬಂದಾಗ ತಂದು, ಉಳಿದು, ಸೂಟ್‌ಕೇಸಿನಲ್ಲಿ ಇಲ್ಲಿಗೆ ಬಂದ ಸ್ಟ್ರಿಪ್. ಆಂಟಿಬಯೋಟಿಕ್ ಪ್ರತಿರೋಧದ ಬಗ್ಗೆ ಪ್ರಬಂಧ ಓದಿದವಳೇ ಮಾಡಿದ ಕೆಲಸ. ಜ್ವರದ ನಾಲ್ಕನೇ ರಾತ್ರಿ, ಬೆಳಗಿನ ಜಾವ ಎರಡು ಗಂಟೆಗೆ, ನಾನು ವಿಜ್ಞಾನಿಯಾಗಿರಲಿಲ್ಲ.

ನಾನು ಹೇಳಿದೆ. ಆಕೆ ಗದರಲಿಲ್ಲ. ಡೋಸ್ ಎಷ್ಟು, ಯಾವಾಗ ಎಂದು ಬರೆದುಕೊಂಡು ಇಷ್ಟೇ ಅಂದರು: "ಅದೃಷ್ಟ, ಆದರೂ ಬಾಟಲಿಯಲ್ಲಿ ಬೆಳೆಯಿತು. ಬೆಳೆಯದೇ ಹೋಗಿದ್ದರೆ ಈಗಲೂ ನಾವು ಹುಡುಕುತ್ತಲೇ ಇರುತ್ತಿದ್ದೆವು."

ಟೈಫಾಯ್ಡ್‌ನಲ್ಲಿ ರಕ್ತದೊಳಗೆ ಬ್ಯಾಕ್ಟೀರಿಯಾ ಇರುವುದೇ ಕಡಿಮೆ. ಔಷಧ ಕೊಡದಿದ್ದರೂ ಬ್ಲಡ್ ಕಲ್ಚರ್ ಬಹಳಷ್ಟು ರೋಗಿಗಳಲ್ಲಿ ತಪ್ಪಿಸಿಕೊಳ್ಳುತ್ತದೆ. ಅದರ ಮೇಲೆ ಅರೆಬರೆ ಆಂಟಿಬಯೋಟಿಕ್ ಬಿದ್ದರೆ, ರೋಗ ವಾಸಿಯಾಗುವಷ್ಟು ಸಾಯುವುದಿಲ್ಲ, ಬಾಟಲಿಯಲ್ಲಿ ಬೆಳೆಯುವಷ್ಟು ಉಳಿಯುವುದೂ ಇಲ್ಲ. ಪತ್ತೇದಾರ ಬರುವ ಮೊದಲೇ ಹೆಜ್ಜೆಗುರುತು ಗುಡಿಸಿದಂತೆ. ನಮ್ಮೂರ ಕಡೆ ಇನ್ನೂ ಚಾಲ್ತಿಯಲ್ಲಿರುವ ವಿಡಾಲ್ ಪರೀಕ್ಷೆ 1896ರದ್ದು; ಹಿಂದೆ ಯಾವಾಗಲೋ ತಗುಲಿದ ಸೋಂಕಿಗೂ, ಲಸಿಕೆಗೂ ಅದು ಪಾಸಿಟಿವ್ ಬರಬಹುದು. ಹೀಗಾಗಿ ಕಲ್ಚರ್‌ಗೆ ಸಾಟಿಯಿಲ್ಲ. ಬ್ಯಾಕ್ಟೀರಿಯಾ ಕೈಗೆ ಸಿಕ್ಕರೆ ಮಾತ್ರ ಯಾವ ಔಷಧಕ್ಕೆ ಬಗ್ಗುತ್ತದೆ ಎಂದು ನೋಡಬಹುದು.

ಅದು ಮುಖ್ಯವೂ ಹೌದು. ಭಾರತದಿಂದ ಬರುವ ಟೈಫಾಯ್ಡ್ ತಳಿಗಳಲ್ಲಿ ಹೆಚ್ಚಿನವು ಹಿಂದೆ ಬಳಸುತ್ತಿದ್ದ ಸಿಪ್ರೊಫ್ಲಾಕ್ಸಸಿನ್‌ಗೆ ಈಗ ಸರಿಯಾಗಿ ಜಗ್ಗುವುದಿಲ್ಲ. ಪಾಕಿಸ್ತಾನದ ಸಿಂಧ್‌ನಲ್ಲಿ 2016ರಿಂದ ಹರಡಿದ ತಳಿ ಸೆಫ್ಟ್ರಯಾಕ್ಸೋನ್‌ಗೂ ಬಗ್ಗುವುದಿಲ್ಲ. ನನ್ನ ಮಗನ ತಳಿ ಸಿಪ್ರೊಗೆ ಬಗ್ಗದ, ಸೆಫ್ಟ್ರಯಾಕ್ಸೋನ್‌ಗೆ ಬಗ್ಗುವ ತಳಿ. ಸರಿಯಾದ ಔಷಧ ಶುರುವಾದ ಮೇಲೂ ಜ್ವರ ಪೂರ್ತಿ ಇಳಿಯಲು ಐದು ದಿನ ಹಿಡಿಯಿತು. ಟೈಫಾಯ್ಡ್‌ನಲ್ಲಿ ಅದು ಸಹಜ ಎಂದು ಮೊದಲೇ ಹೇಳಿದ್ದರಿಂದ ನಾವು ಧೈರ್ಯವಾಗಿದ್ದೆವು.

ಒಂದೇ ಹೊಟ್ಟೆನೋವು, ಎರಡು ದಾರಿ

"ಸುಮ್ಮನೆ ಒಂದು ಆಂಟಿಬಯೋಟಿಕ್ ಕೊಟ್ಟುಬಿಟ್ಟರೆ ಏನು ನಷ್ಟ?" ಎಂದು ಕೇಳುವವರಿಗೆ ನಮ್ಮ ಮನೆಯ ಹತ್ತಿರದ್ದೇ ಕಥೆಯಿದೆ. ಮಾರ್ಗನ್ ಹಿಲ್‌ನಿಂದ ಹೈವೇ 101 ಹಿಡಿದು ದಕ್ಷಿಣಕ್ಕೆ ಗಿಲ್ರಾಯ್ ದಾಟಿ ಸುಮಾರು 25 ಮೈಲಿ ಹೋದರೆ ಸ್ಯಾನ್ ಹುವಾನ್ ಬಟಿಸ್ಟಾ. 2006ರಲ್ಲಿ ಅಲ್ಲಿ ಪ್ಯಾಕ್ ಆದ ಎಳೆ ಪಾಲಕ್ ಸೊಪ್ಪಿನಿಂದ 26 ರಾಜ್ಯಗಳಲ್ಲಿ ಸುಮಾರು 200 ಜನ ಕಾಯಿಲೆ ಬಿದ್ದರು. 31 ಜನರಿಗೆ ಕಿಡ್ನಿಗೆ ಪೆಟ್ಟುಬೀಳುವ ಸ್ಥಿತಿ ಬಂತು, 3 ಜನ ತೀರಿಕೊಂಡರು. ಕಾರಣ ಇ. ಕೋಲೈ ಒ157 ಎಂಬ ತಳಿ.

ಪತ್ತೆಯಾದದ್ದು ಲ್ಯಾಬುಗಳಿಂದಲೇ. ರೋಗಿಗಳ ಮಲದಿಂದ ಬೆಳೆಸಿದ ಬ್ಯಾಕ್ಟೀರಿಯಾದ ಡಿಎನ್‌ಎ ಬೆರಳಚ್ಚನ್ನು ರಾಜ್ಯಗಳು ಪಲ್ಸ್‌ನೆಟ್ ಎಂಬ ರಾಷ್ಟ್ರೀಯ ಜಾಲದಲ್ಲಿ ಹೋಲಿಸಿದಾಗ, ದೂರದೂರದ ಊರಿನವರಿಗೆ ತಗುಲಿರುವುದು ಒಂದೇ ತಳಿ ಎಂದು ಗೊತ್ತಾಯಿತು. ಕೊನೆಗೆ ಸ್ಯಾನ್ ಬೆನಿಟೊ ಕೌಂಟಿಯ ಒಂದೇ ಹೊಲಕ್ಕೆ ಜಾಡು ಹೋಗಿ ನಿಂತಿತು. ಅಲ್ಲಿನ ದನಗಳ ಸಗಣಿಯಲ್ಲೂ ಕಾಡುಹಂದಿಗಳ ಮಲದಲ್ಲೂ ಅದೇ ತಳಿ ಸಿಕ್ಕಿತು.

ಇಲ್ಲಿ ತಾಯ್ತಂದೆಯರು ಗಮನಿಸಬೇಕಾದ್ದು ಒಂದಿದೆ. ಒ157 ಸೋಂಕಿಗೆ ವೈದ್ಯರು ಸಾಮಾನ್ಯವಾಗಿ ಆಂಟಿಬಯೋಟಿಕ್ ಕೊಡುವುದಿಲ್ಲ. ಬ್ಯಾಕ್ಟೀರಿಯಾ ಒಡೆದಾಗ ವಿಷ ಹೆಚ್ಚು ಬಿಡುಗಡೆಯಾಗಿ ಕಿಡ್ನಿಗೆ ಅಪಾಯ ಹೆಚ್ಚಬಹುದು ಎಂಬ ಭಯ. ಟೈಫಾಯ್ಡ್‌ಗೆ ಆಂಟಿಬಯೋಟಿಕ್ ಬೇಕೇ ಬೇಕು. ಎರಡರಲ್ಲೂ ಮಗು ಹೇಳುವುದು "ಅಮ್ಮಾ, ಹೊಟ್ಟೆ ನೋವು" ಎಂದೇ. ನನ್ನ ಸೂಟ್‌ಕೇಸಿನ ಸ್ಟ್ರಿಪ್‌ಗೆ ಆ ವ್ಯತ್ಯಾಸ ಗೊತ್ತಿಲ್ಲ. ಲ್ಯಾಬಿನ ತಟ್ಟೆಗೆ ಗೊತ್ತು.

ಎಲ್ಲಿಂದ ಬಂದಿರಿ?

ಪ್ರಯಾಣದ ವಿವರ ಕೇಳಿದಾಗ ನಾವು "ಇಂಡಿಯಾ" ಎಂದು ಒಂದೇ ಪದದಲ್ಲಿ ಮುಗಿಸುತ್ತೇವೆ. ಅಷ್ಟು ಸಾಲದು. ಕರಾವಳಿಯಲ್ಲಿ ಮಳೆಗಾಲ ಕಳೆದು ಬಂದ, ಸಕ್ಕರೆ ಕಾಯಿಲೆಯಿರುವ ಮಾವನವರಿಗೆ ಇಲ್ಲಿ ಜ್ವರ ಬಂತು ಎಂದುಕೊಳ್ಳಿ. ಮೆಲಿಯಾಯ್ಡೋಸಿಸ್ ಎಂಬ ಸೋಂಕು ಮಣ್ಣು ಮತ್ತು ನೀರಿನಿಂದ, ಅದರಲ್ಲೂ ಮಳೆಗಾಲದಲ್ಲಿ ಬರುತ್ತದೆ. ಮಣಿಪಾಲದ ಕಸ್ತೂರಬಾ ಮೆಡಿಕಲ್ ಕಾಲೇಜಿನ ಮೈಕ್ರೊಬಯಾಲಜಿ ವಿಭಾಗ ಇದರ ಬಗ್ಗೆ ವರ್ಷಗಳಿಂದ ಕೆಲಸ ಮಾಡಿ ಕರಾವಳಿ ಕರ್ನಾಟಕದಲ್ಲಿ ಇದು ಇರುವುದನ್ನು ವೈದ್ಯಲೋಕಕ್ಕೆ ತೋರಿಸಿಕೊಟ್ಟಿದೆ. ಗೊತ್ತಿಲ್ಲದ ಲ್ಯಾಬ್ ಇದನ್ನು ಬೇರೆ ಬ್ಯಾಕ್ಟೀರಿಯಾ ಎಂದು ತಪ್ಪು ತಿಳಿಯಬಹುದು. ಇದಕ್ಕೆ ಚಿಕಿತ್ಸೆಯೇ ಬೇರೆ, ಅದೂ ತಿಂಗಳುಗಟ್ಟಲೆ. ಅಷ್ಟೇ ಅಲ್ಲ, ತಟ್ಟೆಯ ಮುಚ್ಚಳ ತೆಗೆಯುವ ಲ್ಯಾಬಿನವರಿಗೂ ಇದು ಅಪಾಯಕಾರಿ. "ಉಡುಪಿಯಲ್ಲಿದ್ದೆವು, ಗದ್ದೆಯಲ್ಲಿ ಬರಿಗಾಲಲ್ಲಿ ಓಡಾಡಿದ್ದರು" ಎಂಬ ನಿಮ್ಮ ಒಂದು ಮಾತು ರೋಗಿಯ ಜೊತೆಗೆ, ನೀವು ಎಂದೂ ನೋಡದ ಒಬ್ಬರನ್ನೂ ಕಾಯುತ್ತದೆ.

ಇದು ಎರಡೂ ಕಡೆಗೆ ಅನ್ವಯ. ಕ್ಯಾಲಿಫೋರ್ನಿಯಾದ ಒಣ ಮಣ್ಣಿನ ದೂಳಿನಲ್ಲಿ ವ್ಯಾಲಿ ಫೀವರ್ ತರುವ ಶಿಲೀಂಧ್ರವಿದೆ, ಸ್ಯಾನ್ ವಾಕೀನ್ ಕಣಿವೆಯಲ್ಲಿ ಹೆಚ್ಚು. ಇಲ್ಲಿಂದ ಊರಿಗೆ ಹೋದವರಿಗೆ ವಾರಗಟ್ಟಲೆ ಕೆಮ್ಮು, ಜ್ವರ ಬಿಡದಿದ್ದರೆ ಅಲ್ಲಿನ ವೈದ್ಯರು ಮೊದಲು ನೆನೆಯುವುದು ಕ್ಷಯವನ್ನು. ಅವರಿಗೂ ಹೇಳಿ, ಎಲ್ಲಿಂದ ಬಂದಿರಿ ಎಂದು.

ಎರಡು ಭಾಷೆಯ ಮಗು

ಮಗ ಚೇತರಿಸಿಕೊಂಡ ಮೇಲೆ ನಾನು ಬಹಳ ಯೋಚಿಸಿದ್ದು ಆ ವಿಡಿಯೊ ಕಾಲ್ ಬಗ್ಗೆ. ಶಾಲೆಯ ಇಂಗ್ಲಿಷಿನಲ್ಲಿ ಅವನಿಗೆ ಬಣ್ಣ, ಡೈನೊಸಾರ್, ಗ್ರಹಗಳು ಎಲ್ಲ ಗೊತ್ತು. ಆದರೆ ಮೈಯ ಒಳಗಿನ ಸಂಗತಿ ಅವನು ಕಲಿತದ್ದು ಮನೆಯಲ್ಲಿ, ಕನ್ನಡದಲ್ಲಿ. ಹೊಟ್ಟೆ ತೊಳಸುವುದು, ಹೊಟ್ಟೆ ಹಿಂಡುವುದು, ಹೊಟ್ಟೆ ಉಬ್ಬರಿಸುವುದು ಮೂರು ಬೇರೆ ಬೇರೆ. ತಲೆ ಸಿಡಿಯುವುದು ಬೇರೆ, ತಲೆ ಸುತ್ತುವುದು ಬೇರೆ. ಹಾಗಾಗಿ ಮಗುವಿಗೆ ಹುಷಾರಿಲ್ಲದಾಗ ಮೊದಲು ಮನೆಮಾತಿನಲ್ಲಿ ಕೇಳಿ, ಅದು ಹೇಳಿದ್ದನ್ನು ಹಾಗೆಯೇ ಬರೆದಿಟ್ಟು, ವೈದ್ಯರಿಗೆ ನೀವೇ ಬಿಡಿಸಿ ಹೇಳಿ. "ಉಷ್ಣ ಆಗಿದೆ", "ನಂಜಾಗಿದೆ" ಎಂಬಂಥ ಮಾತುಗಳನ್ನು ನೇರವಾಗಿ ಇಂಗ್ಲಿಷಿಗೆ ತಂದರೆ ಅರ್ಥ ಕೆಡುತ್ತದೆ. ಬಾಯಿಹುಣ್ಣೋ, ಉರಿಮೂತ್ರವೋ, ಗಾಯದ ಕೀವೋ, ಏನು ಎಂದು ಬಿಡಿಸಿ.

ಇದಕ್ಕೆ ತಿರುಗುಮುರುಗಾದ ಒಂದು ಎಚ್ಚರಿಕೆ. ಅಜ್ಜ ಅಜ್ಜಿ ಇಲ್ಲಿಗೆ ಬಂದಾಗ ಆಸ್ಪತ್ರೆಗೆ ಹೋದರೆ, ಇಂಗ್ಲಿಷ್ ಚೆನ್ನಾಗಿ ಬರುವ ಮೊಮ್ಮಗಳನ್ನು ದುಭಾಷಿಯಾಗಿ ಮುಂದೆ ನಿಲ್ಲಿಸಬೇಡಿ. ಹತ್ತು ವರ್ಷದ ಮಗುವಿನ ಎದುರು ತಾತ ಮೂತ್ರದ ತೊಂದರೆ ಹೇಳಿಕೊಳ್ಳುವುದಿಲ್ಲ. ಹೇಳಿದರೂ ಆ ಭಾರ ಮಗುವಿನದಲ್ಲ. ಸರ್ಕಾರದ ಹಣ ಪಡೆಯುವ ಅಮೆರಿಕದ ಆಸ್ಪತ್ರೆಗಳು 1964ರ ನಾಗರಿಕ ಹಕ್ಕು ಕಾಯಿದೆ ಮತ್ತು 2010ರ ಆರೋಗ್ಯ ಕಾಯಿದೆಯ ಪ್ರಕಾರ ದುಭಾಷಿಯನ್ನು ಉಚಿತವಾಗಿ ಒದಗಿಸಬೇಕು. "ಕನ್ನಡ ದುಭಾಷಿ ಬೇಕು" ಎಂದು ಕೇಳಲು ಸಂಕೋಚ ಬೇಡ.

ಊರಿಗೆ ಹೋಗುವ ಮುನ್ನ, ಬಂದ ಮೇಲೆ

* ಲಸಿಕೆ: ಪ್ರಯಾಣಕ್ಕೆ ಕನಿಷ್ಠ 2 ವಾರ ಮುಂಚೆ ಟೈಫಾಯ್ಡ್ ಲಸಿಕೆಯ ಬಗ್ಗೆ ವೈದ್ಯರನ್ನು ಕೇಳಿ. ಅಮೆರಿಕದಲ್ಲಿ ಸಿಗುವ ಚುಚ್ಚುಮದ್ದು 2 ವರ್ಷ ತುಂಬಿದವರಿಗೆ, 2 ವರ್ಷಕ್ಕೊಮ್ಮೆ ಮತ್ತೆ ಬೇಕು. ಅದು ಪೂರ್ಣ ಕವಚವಲ್ಲ, ಆದರೆ ಅಪಾಯ ತಗ್ಗಿಸುತ್ತದೆ. ಭಾರತದಲ್ಲಿ 6 ತಿಂಗಳಿಂದಲೇ ಕೊಡಬಹುದಾದ ಕಾಂಜುಗೇಟ್ ಲಸಿಕೆಯಿದೆ. ಹೈದರಾಬಾದಿನ ಭಾರತ್ ಬಯೋಟೆಕ್ ತಯಾರಿಸುವ ಅಂಥ ಲಸಿಕೆಗೆ ವಿಶ್ವ ಆರೋಗ್ಯ ಸಂಸ್ಥೆಯ ಮಾನ್ಯತೆಯಿದೆ. ನಾವು "ನಮ್ಮೂರಿಗೆ ತಾನೆ" ಎಂದು ಲಸಿಕೆ ಹಾಕಿಸಿರಲಿಲ್ಲ. ಇಲ್ಲಿ ಹುಟ್ಟಿ ಬೆಳೆದ ಮಗುವಿಗೆ ಅದು ಹೊಸ ಊರು.
* ನೀರು: ಕುದಿಸಿ ಆರಿಸಿದ ನೀರು ಕೊಡಿ. ಹಲ್ಲುಜ್ಜುವಾಗಲೂ ಅದೇ. ಮದುವೆಮನೆಯ ಐಸ್ ಹಾಕಿದ ಜ್ಯೂಸ್, ರಸ್ತೆಬದಿಯ ಹೆಚ್ಚಿದ ಹಣ್ಣು, ಪಾನಿಪೂರಿಯ ಪಾನಿ ತಪ್ಪಿಸಿ.
* ಜ್ವರ: ವಾಪಸಾದ ತಿಂಗಳೊಳಗೆ ಜ್ವರ ಬಂದರೆ ಫೋನಿನಲ್ಲೇ "ಇಂಥ ಊರು, ಇಂಥ ದಿನ ಬಂದೆವು" ಎಂದು ಮೊದಲು ಹೇಳಿ. ಟೈಫಾಯ್ಡ್ ಹೊರಬೀಳಲು ವಾರದಿಂದ ತಿಂಗಳವರೆಗೂ ಹಿಡಿಯಬಹುದು. ಮಲೇರಿಯಾ ಪರೀಕ್ಷೆ, ಬ್ಲಡ್ ಕಲ್ಚರ್ ಬೇಕೇ ಎಂದು ಕೇಳಿ.
* ಮಾತ್ರೆ: ಅಲ್ಲಿ ಏನು ಕೊಟ್ಟಿದ್ದರೂ ಸ್ಟ್ರಿಪ್ಪಿನ ಫೋಟೊ ಇಟ್ಟುಕೊಳ್ಳಿ. ಭಾರತದಲ್ಲಿ ಆಂಟಿಬಯೋಟಿಕ್ ಸ್ಟ್ರಿಪ್ ಮೇಲಿನ ಕೆಂಪು ಗೆರೆಯ ಅರ್ಥ, ವೈದ್ಯರ ಚೀಟಿಯಿಲ್ಲದೆ ತಗೋಬೇಡಿ ಎಂದು. ಉಳಿದದ್ದನ್ನು ಸೂಟ್‌ಕೇಸಿಗೆ ಹಾಕಬೇಡಿ. ಕ್ಯಾಲ್ಪಾಲ್, ಡೋಲೊ, ಟೈಲೆನಾಲ್ ಮೂರೂ ಒಂದೇ ಔಷಧ ಎಂಬುದೂ ನೆನಪಿರಲಿ, ಒಂದರ ಮೇಲೊಂದು ಕೊಡಬೇಡಿ.
* ಸತ್ಯ: ಏನು ಕೊಟ್ಟಿದ್ದೀರೋ ಅದನ್ನು ಹೇಳಿಬಿಡಿ. ವೈದ್ಯರು ಲೆಕ್ಕ ಹಾಕುವುದು ನಿಮ್ಮ ತಪ್ಪನ್ನಲ್ಲ, ಡೋಸನ್ನು.

ಟೈಫಾಯ್ಡ್ ಬಂದರೆ ಕೌಂಟಿ ಆರೋಗ್ಯ ಇಲಾಖೆಗೆ ತಿಳಿಸುವುದು ಇಲ್ಲಿ ಕಾನೂನು. ಅವರೂ ಫೋನ್ ಮಾಡಿದರು, ಮಲ ಪರೀಕ್ಷೆಗಳಾದವು, ಕೊನೆಗೆ ಮಗ ಶಾಲೆಗೆ ಹೋದ. ಅವನ ಬ್ಯಾಕ್ಟೀರಿಯಾ ಬೆಳೆಸಿದವರನ್ನು ನಾವು ಇವತ್ತಿಗೂ ನೋಡಿಲ್ಲ. ಆ ರಾತ್ರಿ ಫೋನ್ ಮಾಡಿದವರ ಹೆಸರನ್ನೂ ಗಾಬರಿಯಲ್ಲಿ ಬರೆದುಕೊಳ್ಳಲಿಲ್ಲ.

ಕಳೆದ ವಾರ ಹೆಪ್ಪು ಹಾಕುವ ಕೆಲಸ ಅವನಿಗೇ ವಹಿಸಿದೆ. ಹಾಲು ಬೆಚ್ಚಗಿದೆಯೇ ಎಂದು ಬೆರಳಿಟ್ಟು ನೋಡಿ, ಚಮಚ ಮೊಸರು ಕದಡಿ, ಪಾತ್ರೆಯನ್ನು ಲೈಟ್ ಹಾಕಿದ ಅವನ್ನಿನೊಳಗೆ ಇಟ್ಟ. "ಅಮ್ಮಾ, ನನ್ನ ರಕ್ತಾನೂ ಹೀಗೇ ಇಟ್ಟಿದ್ರಾ?" ಎಂದು ಕೇಳಿದ. ಹೌದು ಅಂದೆ. ಸ್ವಲ್ಪ ಹೊತ್ತು ಯೋಚಿಸಿ ಕೇಳಿದ: "ರಾತ್ರಿ ಎಲ್ಲ ಯಾರು ಎದ್ದಿದ್ರು ಅದನ್ನ ನೋಡ್ಕೊಳ್ಳೋಕೆ?"